ಕಮಾನು ಆಮೇಲೆ ಕಟ್ಟೋಣ, ಮೊದಲು ಸಾತಬಾರಾ ನೋಡೋಣ

ನವೆಂಬರ್ ಒಂದಕ್ಕೆ ನಮ್ಮ ಕನ್ನಡ ಶಾಲೆಗಳಿಗೆ ಸುಣ್ಣಬಣ್ಣ ಆಗುತ್ತೆ. ಜುಲೈನಲ್ಲಿ ಅದೇ ಶಾಲೆಗಳ ಪತ್ರಾ ಸೋರುತ್ತೆ. ಯಡ್ರಾವ, ಇಚಲಕರಂಜಿ, ಗಡಹಿಂಗ್ಲಜ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲಾ ಪರಿಷತ್ ಶಾಲೆಗಳ ವಿಷಯ ಬೇರೆ, ಅದನ್ನ ಸರ್ಕಾರಕ್ಕೇ ಕೇಳಬೇಕು. ನಾನು ಹೇಳ್ತಿರೋದು ನಮ್ಮ ಜನರೇ ಸಂಸ್ಥೆ ಮಾಡಿ ನಡೆಸುವ ಶಾಲೆಗಳ ಬಗ್ಗೆ.

ಇಂಥ ಕಡೆ ದಾನಿ ಸಿಕ್ಕ ಕೂಡಲೇ ಒಂದು ಕಮಾನು ಏಳುತ್ತೆ, ಇಲ್ಲಾ ಒಂದು ರಂಗಮಂಚ. ಗಟಾರಕ್ಕೆ ಯಾರೂ ದಾನ ಕೊಡಲ್ಲ, ಗಟಾರದ ಮೇಲೆ ಹೆಸರು ಕೆತ್ತಿಸೋಕೆ ಆಗಲ್ಲ ನೋಡ್ರಿ. ಹಿಂಗಾಗಿ ಮೂವತ್ತು ವರ್ಷ ದುಡ್ಡು ಬಂದರೂ ಕಟ್ಟಡ ಮಾತ್ರ ತೇಪೆ ಹಾಕಿದ ಅಂಗಿಯಂಗೆ ಇರುತ್ತೆ. ಇದಕ್ಕೆ ಬೇಕಾಗಿರೋದು ಹತ್ತು ವರ್ಷದ ಒಂದು ಯೋಜನೆ. ಅದರ ಮೊದಲ ಪುಟದಲ್ಲಿ ಇಟ್ಟಿಗೆ, ಸಿಮೆಂಟ್ ಇರಬಾರದು, ಕಾಗದಪತ್ರ ಇರಬೇಕು.

ಬ್ಯಾಂಕಿನಲ್ಲಿ ಕೂತು ಕಲಿತ ಪಾಠ ಇದು. ಜಾಗ ಕೊಟ್ಟ ಹಿರಿಯರು ಬಾಯಿಮಾತಲ್ಲಿ ಕೊಟ್ಟು ಹೋಗಿರ್ತಾರೆ, ಸಾತಬಾರಾ ಉತಾರದಲ್ಲಿ ಇನ್ನೂ ಅವರ ಹೆಸರೇ ಇರುತ್ತೆ. ಮೊಮ್ಮಕ್ಕಳಿಗೆ ಜಾಗದ ರೇಟು ಗೊತ್ತಾದ ದಿನ ಶಾಲೆಗೆ ಕಷ್ಟ ಶುರು. ಔದ್ಯೋಗಿಕ ವಸಾಹತು ಬೆಳೆದಿರೋ ಯಡ್ರಾವದಂಥ ಊರಲ್ಲಂತೂ ಕೇಳೋದೇ ಬೇಡ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಪ್ರಕಾರ ಟ್ರಸ್ಟಿನ ಜಾಗ ಮಾರೋಕೆ ಧರ್ಮಾದಾಯ ಆಯುಕ್ತರ ಅನುಮತಿ ಮೊದಲೇ ಬೇಕು. ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ತಿಳಿಸಬೇಕು. ತೀರಿಹೋದ ಅಧ್ಯಕ್ಷರ ಹೆಸರಲ್ಲೇ ಓಡ್ತಿರೋ ಸಂಸ್ಥೆಗೆ ಯಾರು ಸಾಲ ಕೊಡ್ತಾರೆ?

ಸಂವಿಧಾನದ 30ನೇ ವಿಧಿ ನಮಗೆ ಶಾಲೆ ನಡೆಸೋ ಹಕ್ಕು ಕೊಟ್ಟಿದೆ ಅಂತ ಎಲ್ಲರೂ ಭಾಷಣ ಮಾಡ್ತೀವಿ. 1978ರ 44ನೇ ತಿದ್ದುಪಡಿಯಲ್ಲಿ ಸೇರಿದ 30(1ಎ) ಎಷ್ಟು ಜನರಿಗೆ ಗೊತ್ತು? ಅಲ್ಪಸಂಖ್ಯಾತರ ಶಾಲೆಯ ಆಸ್ತಿಯನ್ನ ಸರ್ಕಾರ ಕಡ್ಡಾಯವಾಗಿ ವಶಪಡಿಸಿಕೊಂಡರೆ, ಆ ಹಕ್ಕಿಗೇ ಧಕ್ಕೆ ಆಗದ ಹಾಗೆ ಪರಿಹಾರ ಗೊತ್ತುಮಾಡಬೇಕು ಅಂತ ಅದು ಹೇಳುತ್ತೆ. ರಸ್ತೆ ಅಗಲ ಮಾಡೋಕೆ ಬಂದಾಗ ಇದೇ ನಮ್ಮ ಆಯುಧ. ಆದರೆ ಉತಾರದಲ್ಲಿ ಸಂಸ್ಥೆಯ ಹೆಸರೇ ಇಲ್ಲದಿದ್ದರೆ ಏನಂತ ವಾದ ಮಾಡ್ತೀರಿ?

ಇನ್ನೊಂದು ಮಾತು, ಕೆಲವರಿಗೆ ಸಿಟ್ಟು ಬರಬಹುದು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಶಾಲೆಗಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸಲ್ಲ ಅಂದಿತು. ಅದನ್ನ ನಾವು ಗೆಲುವು ಅಂತ ತಿಳ್ಕೊಂಡ್ವಿ. ಆ ಕಾಯ್ದೆಯ ಪರಿಶಿಷ್ಟದಲ್ಲಿ ಏನಿದೆ ಓದಿ ನೋಡಿ: ಪ್ರತಿ ಶಿಕ್ಷಕರಿಗೊಂದು ಕೋಣೆ, ಹುಡುಗಿಯರಿಗೆ ಬೇರೆ ಶೌಚಾಲಯ, ಕುಡಿಯೋ ನೀರು, ಆಟದ ಮೈದಾನ, ಕಾಂಪೌಂಡು. ಇದರಿಂದ ವಿನಾಯಿತಿ ತಗೊಂಡು ಏನ್ ಮಾಡೋದು? ಶೌಚಾಲಯ ಸರಿ ಇಲ್ಲ ಅಂತ ಏಳನೇ ಕ್ಲಾಸಿನ ಹುಡುಗಿಯನ್ನ ತಾಯಿ ಬೇರೆ ಶಾಲೆಗೆ ಹಾಕಿದರೆ, ಅದಕ್ಕೆ ಮರಾಠಿಯವರನ್ನ ಬೈದು ಉಪಯೋಗ ಇಲ್ಲ.

ನೀರಿನ ಲೆಕ್ಕವೂ ಬೇಕು. 2005, 2019, 2021ರಲ್ಲಿ ಶಿರೋಳ ತಾಲೂಕು ಮುಳುಗಿದ್ದನ್ನ ಕಂಡಿದ್ದೀವಿ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ, 2019ರಲ್ಲಿ 55 ಅಡಿ ದಾಟಿತ್ತು. ಹಂಗಾಗಿ ಹೊಸ ಕೋಣೆ ಕಟ್ಟೋವಾಗ 2019ರ ನೀರಿನ ಗುರುತು ನೋಡಿ ಬುನಾದಿ ಎತ್ತರಿಸಿ. ವಿದ್ಯುತ್ ಬೋರ್ಡ್ ಮೇಲೆ ಇರಲಿ, ದಾಖಲಾತಿ ರಜಿಸ್ಟರ್ ಮೇಲಿನ ಮಹಡಿಯಲ್ಲಿ ಇರಲಿ.

ದುಡ್ಡು? ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಕಂಪನಿಗಳ ಸಿಎಸ್‌ಆರ್ ಹಣ ಬೇಕಂದ್ರೆ 12ಎ, 80ಜಿ ಮತ್ತು ಸಿಎಸ್‌ಆರ್-1 ನೋಂದಣಿ ಮಾಡಿಸಿ. ಇವೆರಡೂ ಬಂದರೆ ಬರಲಿ, ನಂಬಿ ಕೂರಬೇಡಿ. 150 ಜನ ಹಳೆ ವಿದ್ಯಾರ್ಥಿಗಳು ತಿಂಗಳಿಗೆ ನೂರು ರೂಪಾಯಿ ಹಾಕಿದರೆ ವರ್ಷಕ್ಕೆ 1,80,000, ಹತ್ತು ವರ್ಷಕ್ಕೆ 18 ಲಕ್ಷ, ಬಡ್ಡಿ ಬೇರೆ. ಕಾಮರ್ಸ್ ಓದಿದವರು ಇದಕ್ಕೆ ಸವಕಳಿ ನಿಧಿ ಅಂತೀವಿ. ಇದನ್ನ ಬೇರೆ ಖಾತೆಯಲ್ಲಿಡಿ, ಪಗಾರಕ್ಕೂ ಸ್ನೇಹಸಮ್ಮೇಳನಕ್ಕೂ ಮುಟ್ಟಬೇಡಿ, ವರ್ಷಕ್ಕೊಮ್ಮೆ ಲೆಕ್ಕ ಊರಮುಂದೆ ಓದಿ. ಸಂಸ್ಥೆಯ ಹಿರಿಯರಿಗೆ ಇದು ಮುಜುಗರ ಅನ್ನಿಸಬಹುದು, ಆದರೂ ಠರಾವು ಮಾಡಿಸಿ.

ಮುಂದಿನ ದೊಡ್ಡ ಮಳೆ ದಿನ ನಾಲ್ಕು ಜನ ಗೆಳೆಯರು ನಿಮ್ಮ ಶಾಲೆಗೆ ಹೋಗಿ. ಎಲ್ಲಿ ಸೋರುತ್ತೆ, ಅಂಗಳದ ನೀರು ಯಾವ ಕಡೆ ಹರಿಯುತ್ತೆ, ಯಾವ ಗೋಡೆ ಬಿರುಕು ಬಿಟ್ಟಿದೆ, ಎಲ್ಲಾ ಫೋಟೋ ತೆಗೀರಿ. ಆ ಫೋಟೋ ಫೇಸ್‌ಬುಕ್‌ಗೆ ಹಾಕಬೇಡಿ, ಪ್ರಿಂಟ್ ತೆಗೆಸಿ ಮುಖ್ಯಾಧ್ಯಾಪಕರ ಟೇಬಲ್ ಮೇಲಿಡಿ. ಅಲ್ಲೇ ಕೂತು ಸಾತಬಾರಾ ಪ್ರತಿ ಕೇಳಿ.