ಪೆಟ್ಟು ಎಣಿಸುವವರಿಗೆ ಒಂದು ಮಾತು

ರಾಕ್ ಸಂಗೀತದ ಮಾತು ಬಂದಲ್ಲೆಲ್ಲ ಒಂದು ಹಳೆಯ ನಗೆಮಾತು ತಲೆಯೆತ್ತುತ್ತದೆ. ರಿಂಗೊ ಸ್ಟಾರ್ ಜಗತ್ತಿನ ಅತ್ಯುತ್ತಮ ಡ್ರಮ್‌ವಾದಕನೇ ಎಂದು ಯಾರೋ ಕೇಳಿದರಂತೆ. ಜಗತ್ತಿನ ಮಾತು ಹಾಗಿರಲಿ, ಬೀಟಲ್ಸ್ ತಂಡದ ನಾಲ್ವರಲ್ಲೇ ಅವನು ಉತ್ತಮನಲ್ಲ ಎಂದು ಜಾನ್ ಲೆನನ್ ಉತ್ತರಕೊಟ್ಟನಂತೆ. ಕೇಳಿದವರು ನಗುತ್ತಾರೆ, ಹೇಳಿದವನು ತಾನೂ ಸಂಗೀತ ಬಲ್ಲವನೆಂಬ ಗತ್ತಿನಿಂದ ಕುಳಿತುಕೊಳ್ಳುತ್ತಾನೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಚಟಾಕಿ ಕಡಲು ದಾಟಿ ನಮ್ಮ ಮನೆಗಳ ಪಡಸಾಲೆಗೂ ಬಂದಿದೆ. ಇನ್ನು ಸಾಕು ಎಂದು ಹೇಳುವ ಕಾಲ ಬಂದಿದೆ.

ಮೊದಲು ಸಂಗತಿಯ ಮಾತು. ಲೆನನ್ ಹೀಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಹುಡುಕಿದವರಿಗೆ ಈ ಮಾತು ಸಿಕ್ಕಿದ್ದು 1980ರ ದಶಕದ ಮೊದಲ ವರ್ಷಗಳ ಬ್ರಿಟಿಷ್ ಹಾಸ್ಯಗಾರರ ಬಾಯಲ್ಲಿ. ಲೆನನ್ ಕೊಲೆಯಾದದ್ದು 1980ರ ಡಿಸೆಂಬರ್ 8ರಂದು. ಸಾಯುವುದಕ್ಕೆ ಕೆಲವೇ ತಿಂಗಳ ಹಿಂದೆ ಕೊಟ್ಟ ದೀರ್ಘ ಸಂದರ್ಶನವೊಂದರಲ್ಲಿ ಅವನು ಹೇಳಿದ್ದು ಬೇರೆಯೇ: ರಿಂಗೊ ಶಾಸ್ತ್ರ ಬಲ್ಲ ವಾದಕನಲ್ಲದಿರಬಹುದು, ಆದರೆ ಬಹಳ ಒಳ್ಳೆಯ ಡ್ರಮ್‌ವಾದಕ; ಅವನಿಗೆ ಸಲ್ಲಬೇಕಾದ ಬೆಲೆ ಸಂದಿಲ್ಲ ಎಂಬುದು ಅದರ ಸಾರ. ಮಾತಿಗಿಂತ ನಡತೆ ದೊಡ್ಡ ಸಾಕ್ಷಿ. 1970ರಲ್ಲಿ ತಂಡ ಒಡೆದುಹೋಗಿ, ನಾಲ್ವರ ನಡುವೆ ಮನಸ್ತಾಪ ಕುದಿಯುತ್ತಿದ್ದಾಗ ಲೆನನ್ ತನ್ನ ಸ್ವಂತ ಆಲ್ಬಮ್ಮಿಗೆ ಡ್ರಮ್ ಬಾರಿಸಲು ಕರೆದದ್ದು ರಿಂಗೊನನ್ನೇ. ಅದೇ ವರ್ಷ ಜಾರ್ಜ್ ಹ್ಯಾರಿಸನ್ ಕೂಡ ಅವನನ್ನೇ ಕರೆದ. ಪಾಲ್ ಮೆಕಾರ್ಟ್ನಿಯ 1997ರ ಆಲ್ಬಮ್ಮಿನಲ್ಲೂ ಅವನ ಕೈಯಿದೆ. ಲಂಡನ್ನಿನ ಯಾವ ವಾದಕನನ್ನು ಬೇಕಾದರೂ ಕರೆಸಿಕೊಳ್ಳಬಲ್ಲ ಸಿರಿವಂತರು ಇವರು. ಕೈಲಾಗದವನನ್ನು ಯಾರಾದರೂ ಮತ್ತೆ ಮತ್ತೆ ಕರೆಯುತ್ತಾರೆಯೇ?

ಆದರೆ ನಗೆಮಾತನ್ನು ಯಾರು ಹುಟ್ಟಿಸಿದರೆಂಬುದು ಸಣ್ಣ ವಿಷಯ. ಅದನ್ನು ಜನ ಇಷ್ಟು ಸುಲಭವಾಗಿ ನಂಬಿದ್ದೇಕೆ ಎಂಬುದೇ ನಿಜವಾದ ಪ್ರಶ್ನೆ. ಡ್ರಮ್‌ವಾದನವೆಂದರೆ ವೇಗ, ಬೆವರು, ಗುಡುಗು ಎಂಬ ಒಂದು ತಿಳಿವಳಿಕೆ ಬೇರೂರಿದೆ. ಕ್ರೀಮ್ ತಂಡದ ಜಿಂಜರ್ ಬೇಕರ್ 1966ರ ‘ಟೋಡ್’ನಲ್ಲಿಯೂ ಲೆಡ್ ಜೆಪೆಲಿನ್ನಿನ ಜಾನ್ ಬಾನಮ್ 1969ರ ‘ಮೋಬಿ ಡಿಕ್’ನಲ್ಲಿಯೂ ಒಬ್ಬರೇ ಕುಳಿತು ನಿಮಿಷಗಟ್ಟಲೆ ಬಾರಿಸಿದರು. ಇಬ್ಬರೂ ನಿಸ್ಸಂಶಯವಾಗಿ ದೊಡ್ಡ ಕಲಾವಿದರು. ಅವರನ್ನು ಅಳೆದ ಕೋಲಿನಲ್ಲಿಯೇ ಎಲ್ಲರನ್ನೂ ಅಳೆಯುವುದು ಮಾತ್ರ ಅವಿವೇಕ. ಪೆಟ್ಟುಗಳನ್ನು ಎಣಿಸುತ್ತ ಕುಳಿತವನಿಗೆ ಹಾಡು ಕೇಳಿಸುವುದು ಕಷ್ಟ.

ನಮ್ಮ ಸಭೆಗಳಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನಿಯಲ್ಲಿ ಚಪ್ಪಾಳೆ ಗಿಟ್ಟಿಸುವ ಮೃದಂಗ ಬೇರೆ, ಕೃತಿಯ ಅನುಪಲ್ಲವಿಯಲ್ಲಿ ಎಲ್ಲಿ ಕೈ ತಗ್ಗಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಬಲ್ಲ ಮೃದಂಗ ಬೇರೆ. ಎರಡೂ ಒಬ್ಬನಲ್ಲಿ ಕೂಡಿದ್ದರೆ ಭಾಗ್ಯ. ಒಂದನ್ನೇ ಆರಿಸಬೇಕಾದರೆ ಹಾಡುವವರು ಯಾವುದನ್ನು ಆರಿಸುತ್ತಾರೆ ಎಂದು ಅವರನ್ನೇ ಕೇಳಿ ನೋಡಬಹುದು.

ಹಾಗಾದರೆ ರಿಂಗೊನ ಕೈಯಲ್ಲಿ ಇದ್ದದ್ದಾದರೂ ಏನು? ಮುಖ್ಯವಾದದ್ದು ಎಡಗೈ. ರಿಚರ್ಡ್ ಸ್ಟಾರ್ಕಿ ಎಂಬುದು ಅವನ ಹುಟ್ಟುಹೆಸರು. ಹುಟ್ಟಿದ್ದು 1940ರ ಜುಲೈ 7ರಂದು, ಲಿವರ್‌ಪೂಲಿನ ಬಡ ಕೇರಿಯಲ್ಲಿ. ಸ್ವಭಾವತಃ ಎಡಚ. ಬಲಗೈಯಲ್ಲಿ ಬರೆಯುವಂತೆ ಅವನನ್ನು ತಿದ್ದಿದವಳು ಅಜ್ಜಿ. ಹದಿಮೂರರ ವಯಸ್ಸಿನಲ್ಲಿ ಕ್ಷಯ ತಗುಲಿ ಆರೋಗ್ಯಧಾಮದಲ್ಲಿ ಬಹುಕಾಲ ಮಲಗಿದ್ದಾಗ, ಅಲ್ಲಿನ ರೋಗಿ ಹುಡುಗರ ವಾದ್ಯಮೇಳದಲ್ಲಿ ಅವನಿಗೆ ಡ್ರಮ್ಮಿನ ಹುಚ್ಚು ಹಿಡಿಯಿತು. ಗುರುಮುಖೇನ ಪಾಠವಾಗಲಿಲ್ಲ. ಮುಂದೆ ವಾದ್ಯ ಕೈಗೆ ಬಂದಾಗ ಅದು ಎಲ್ಲರ ವಾದ್ಯದಂತೆ ಬಲಗೈಯವರಿಗಾಗಿ ಜೋಡಿಸಿದ್ದೇ ಆಗಿತ್ತು. ಅದರ ಮುಂದೆ ಈ ಎಡಚ ಕುಳಿತ. ಅದನ್ನು ತಿರುಗಿಸಿ ಜೋಡಿಸಿಕೊಳ್ಳಲೂ ಇಲ್ಲ.

ಇದರ ಪರಿಣಾಮವೇನೆಂಬುದನ್ನು ಗಮನಿಸಬೇಕು. ಡ್ರಮ್ ಜೋಡಣೆಯಲ್ಲಿ ಎದುರಿಗೆ, ತೊಡೆಗಳ ನಡುವೆ ಸ್ನೇರ್. ಅದರಾಚೆ ಚಿಕ್ಕ ಟಾಮ್. ಬಲಕ್ಕೆ ನೆಲದ ಮೇಲೆ ನಿಂತ ದೊಡ್ಡ ಟಾಮ್. ಸಾಲು ಮುಗಿದಲ್ಲಿ ತುಂಬುವ ಚಿಕ್ಕ ಮುಕ್ತಾಯವನ್ನು ಬಲಗೈಯವನು ಸ್ನೇರಿನಿಂದ ಆರಂಭಿಸಿ ಬಲಕ್ಕೆ ಸರಾಗವಾಗಿ ಉರುಳಿಸಿಕೊಂಡು ಹೋಗುತ್ತಾನೆ. ಎಡಗೈಯಿಂದ ಆರಂಭಿಸುವವನು ಹಾಗೆ ಹೋಗಹೊರಟರೆ ಕೈಗೆ ಕೈ ಅಡ್ಡ ಬರುತ್ತದೆ. ಆದುದರಿಂದ ರಿಂಗೊ ಎಷ್ಟೋ ಸಲ ತಿರುವುಮುರುವಾಗಿ ಹೋದ. ಕೈ ಬದಲಿಸುವಾಗ ಕೂದಲೆಳೆಯಷ್ಟು ತಡೆದ. ಉದ್ದನೆಯ ಉರುಳಿಕೆಯನ್ನು ಬಿಟ್ಟು ಬಿಡಿಬಿಡಿಯಾದ, ತುಸು ತಡವರಿಸಿದಂತೆ ತೋರುವ ಪೆಟ್ಟುಗಳನ್ನು ಹಾಕಿದ. ಆ ತಡೆಯೇ ಅವನ ಮುದ್ರೆ. ಬಲಗೈಯವರು ಅದೇ ಪೆಟ್ಟುಗಳನ್ನು ಅದೇ ಕ್ರಮದಲ್ಲಿ ಬಾರಿಸಿದರೂ ಆ ಜಗ್ಗು ಸಿಕ್ಕುವುದಿಲ್ಲವೆಂದು ವೃತ್ತಿನಿರತ ಡ್ರಮ್‌ವಾದಕರೇ ಹೇಳುತ್ತಾರೆ. ಕುಂದು ಎನ್ನಬಹುದಾದದ್ದನ್ನು ಮುಚ್ಚಿಡದೆ ಅವನು ತನ್ನ ನುಡಿಯಾಗಿ ಮಾಡಿಕೊಂಡ.

ಎರಡನೆಯದು ಹೈ-ಹ್ಯಾಟ್, ಎಂದರೆ ಕಾಲಿನ ಮೆಟ್ಟಿಲಿನಿಂದ ತೆರೆದು ಮುಚ್ಚುವ ಜೋಡಿ ತಾಳ. ಬಹುಪಾಲು ವಾದಕರು ಅದನ್ನು ಮೇಲಿನಿಂದ ಕೆಳಕ್ಕೆ ಕುಟ್ಟುತ್ತಾರೆ. ರಿಂಗೊ ಅದನ್ನು ಅರೆತೆರೆದಿಟ್ಟು, ಮೋಟಾರಿನ ಗಾಜು ಒರಸುವ ಕಡ್ಡಿಯಂತೆ ಕೋಲನ್ನು ಅತ್ತಿತ್ತ ಬೀಸಿದ. 1963ರ ‘ಶಿ ಲವ್ಸ್ ಯೂ’ ಹಾಕಿ ಕೇಳಿ: ಹಾಡಿನ ಕೆಳಗೆಲ್ಲ ಮಳೆ ಸುರಿದಂತೆ ಒಂದು ಎಡೆಬಿಡದ ನಾದ ಹರಡಿರುತ್ತದೆ. ಎರಡು ಕೋಲುಗಳನ್ನೂ ಒಂದೇ ರೀತಿ ಹಿಡಿಯುವ ಪದ್ಧತಿ ರಾಕ್ ವಾದಕರಲ್ಲಿ ಹರಡಿದ್ದಕ್ಕೂ ಅವನೇ ದೊಡ್ಡ ಕಾರಣ. 1964ರ ಫೆಬ್ರವರಿ 9ರಂದು ಅಮೆರಿಕದಲ್ಲಿ ಸುಮಾರು 7 ಕೋಟಿ 30 ಲಕ್ಷ ಜನ ಟೆಲಿವಿಷನ್ನಿನಲ್ಲಿ ಬೀಟಲ್ಸ್ ತಂಡವನ್ನು ಕಂಡರು. ಮರುದಿನದಿಂದ ಡ್ರಮ್ ಕೊಡಿಸೆಂದು ತಂದೆತಾಯಂದಿರನ್ನು ಪೀಡಿಸಿದ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಹೆಸರಾಂತ ವಾದಕರಾದರು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಒಂದು ಹಾಡಿಗೆ ಕಟ್ಟಿದ್ದನ್ನು ಅವನು ಇನ್ನೊಂದಕ್ಕೆ ಹೊರಿಸಲಿಲ್ಲ. 1966ರ ‘ಟುಮಾರೊ ನೆವರ್ ನೋಸ್’ ಹೆಚ್ಚುಕಡಮೆ ಒಂದೇ ಶ್ರುತಿಯ ಮೇಲೆ ನಿಂತ ಹಾಡು. ಅದಕ್ಕೆ ಅವನು ಸುಮಾರು ಮೂರು ನಿಮಿಷ ಒಂದೇ ಬಡಿತದ ವಿನ್ಯಾಸವನ್ನು ಯಂತ್ರದಂತೆ ನಡಸುತ್ತಾನೆ. ಬೇಸರಗೊಂಡು ಕೈಚಳಕ ತೋರುವುದಿಲ್ಲ. ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ ಮೈಕನ್ನು ಹತ್ತಿರಕ್ಕೆ ತಂದ ಚಾತುರ್ಯ ಧ್ವನಿಮುದ್ರಕ ಜೆಫ್ ಎಮೆರಿಕ್‌ನದು; ಕದಲದ ಲಯ ರಿಂಗೊನದು. ಅದೇ ತಿಂಗಳಲ್ಲಿ ಮುದ್ರಿಸಿದ ‘ರೇನ್’ ಇದಕ್ಕೆ ತೀರ ವಿರುದ್ಧ. ವೇಗವಾಗಿ ನುಡಿಸಿ, ಟೇಪನ್ನು ನಿಧಾನಗೊಳಿಸಿದ ಆ ಹಾಡಿನಲ್ಲಿ ಸ್ನೇರ್ ಎಡವಿದಂತೆ ಎಡವಿ, ಬಿದ್ದೇ ಬಿಟ್ಟಿತು ಎನ್ನುವಷ್ಟರಲ್ಲಿ ಸಾಲಿನ ತಲೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ತನ್ನ ವಾದನದಲ್ಲೆಲ್ಲ ಇದೇ ಮೇಲೆಂದು ಅವನೇ ಹೇಳಿಕೊಂಡಿದ್ದಾನೆ.

1967ರ ‘ಎ ಡೇ ಇನ್ ದ ಲೈಫ್’ನಲ್ಲಿ ಹಾಡುಗಾರ ವೃತ್ತಪತ್ರಿಕೆಯ ಸುದ್ದಿಯೊಂದನ್ನು ನಿರ್ಭಾವದಿಂದ ಹೇಳತೊಡಗುತ್ತಾನೆ. ಮೊದಲ ಸಾಲುಗಳಿಗೆ ಡ್ರಮ್ಮಿಲ್ಲ. ಸಾವಿನ ಸುದ್ದಿ ಬಿಚ್ಚಿಕೊಂಡಾಗ ಸಡಿಲಿಸಿದ ಟಾಮ್‌ಗಳು, ಪಕ್ಕದ ಕೋಣೆಯಲ್ಲಿ ಯಾರೋ ಭಾರವಾದ ಸಾಮಾನು ಸರಿಸಿದಂತೆ, ಸಾಲುಗಳ ನಡುವಿನ ಮೌನದಲ್ಲಿ ಮಾತ್ರ ಗುಡುಗುತ್ತವೆ. ಹಾಡುವವನ ಮಾತನ್ನು ಅವು ಮುಚ್ಚುವುದಿಲ್ಲ. ಅವನು ಹೇಳದೆ ಬಿಟ್ಟ ದುಃಖವನ್ನು ಡ್ರಮ್ ಹೇಳುತ್ತದೆ. 1969ರ ‘ಕಮ್ ಟುಗೆದರ್’ನಲ್ಲಿ ಟಾಮ್‌ಗಳ ಮೇಲೆ ಪಾತ್ರೆ ಒರಸುವ ಬಟ್ಟೆ ಹಾಸಿ ನಾದವನ್ನು ಕುಗ್ಗಿಸಿಕೊಂಡ, ಮೆಲ್ಲನೆ ಉರುಳುವ ಆ ಪೆಟ್ಟುಗಳಿಂದಲೇ ಹಾಡನ್ನು ಗುರುತು ಹಿಡಿಯಬಹುದು. ಗಾಯಕನ ದನಿ ಕೇಳುವ ಮೊದಲೇ ಬರಿಯ ಡ್ರಮ್ಮಿನಿಂದ ಹಾಡಿನ ಹೆಸರು ಹೇಳಬಹುದಾದ ರಾಕ್ ವಾದಕರು ಎಷ್ಟು ಮಂದಿ ಇದ್ದಾರೆ?

ವಿರೋಧಿಗಳ ಬತ್ತಳಿಕೆಯಲ್ಲಿ ಮೂರು ಬಾಣಗಳುಂಟು. ತಂಡದ ಮೊದಲ ರಿಕಾರ್ಡಿಗೇ ಅವನನ್ನು ಬದಿಗಿಟ್ಟು ಬೇರೊಬ್ಬನಿಂದ ಬಾರಿಸಲಿಲ್ಲವೇ ಎಂಬುದು ಒಂದು. ನಿಜ: 1962ರ ಸೆಪ್ಟೆಂಬರ್ 11ರಂದು ‘ಲವ್ ಮಿ ಡೂ’ಗೆ ಆ್ಯಂಡಿ ವೈಟ್ ಎಂಬ ಅನುಭವಿ ಡ್ರಮ್ ಬಾರಿಸಿದ, ರಿಂಗೊನ ಕೈಗೆ ಟ್ಯಾಂಬೊರಿನ್ ಕೊಟ್ಟರು. ಅವನು ತಂಡ ಸೇರಿ ಆಗ ಒಂದು ತಿಂಗಳೂ ತುಂಬಿರಲಿಲ್ಲ. ಆದರೆ ಮೊದಲು ಮಾರಾಟಕ್ಕೆ ಬಂದ ರಿಕಾರ್ಡಿನಲ್ಲಿದ್ದದ್ದು ಸೆಪ್ಟೆಂಬರ್ 4ರ ಮುದ್ರಣ, ರಿಂಗೊ ಬಾರಿಸಿದ್ದು. ವೈಟ್ ಬಾರಿಸಿದ್ದು ಮರುವರ್ಷದ ಆಲ್ಬಮ್ಮಿಗೆ ಸೇರಿತು. ಅಂದು ಸಂಶಯಪಟ್ಟ ನಿರ್ಮಾಪಕ ಜಾರ್ಜ್ ಮಾರ್ಟಿನ್ನನೇ ಮುಂದೆ ರಿಂಗೊನ ಕಾಲಪ್ರಮಾಣವನ್ನು ಬಾಯ್ತುಂಬ ಹೊಗಳಿದ.

ಎರಡನೆಯ ಬಾಣ, ಮೆಕಾರ್ಟ್ನಿಯೂ ಡ್ರಮ್ ಬಾರಿಸಬಲ್ಲ ಎಂಬುದು. 1968ರ ಆಗಸ್ಟಿನಲ್ಲಿ ರಿಂಗೊ ನೊಂದು ತಂಡ ಬಿಟ್ಟು ಹೋದಾಗ ಎರಡು ಹಾಡುಗಳನ್ನು ಅವನಿಲ್ಲದೆ ಮುಗಿಸಿದ್ದು ನಿಜ. ಮುಂದೇನಾಯಿತೆಂಬುದನ್ನು ಮಾತ್ರ ಇವರು ಹೇಳುವುದಿಲ್ಲ. ಹಿಂದಿರುಗಿ ಬಾರೆಂದು ಉಳಿದವರು ಕರೆಕಳುಹಿದರು; ಎರಡು ವಾರದಲ್ಲಿ ಅವನು ಬಂದಾಗ ಡ್ರಮ್ಮಿನ ತುಂಬ ಹೂವು ಅಲಂಕರಿಸಿತ್ತು. ಯಾರು ಬಾರಿಸಿದರೂ ನಡೆಯುತ್ತದೆ ಎಂದುಕೊಂಡವರು ಹೂವು ತರಿಸುವುದಿಲ್ಲ.

ಮೂರನೆಯದು ತುಸು ಹರಿತವಾದದ್ದು: ಕೆಲವು ವಿನ್ಯಾಸಗಳನ್ನು ಹೇಳಿಕೊಟ್ಟವನೇ ಮೆಕಾರ್ಟ್ನಿ. 1965ರ ‘ಟಿಕೆಟ್ ಟು ರೈಡ್’ನ ಡ್ರಮ್ ನಡೆಗೆ ಲೆನನ್ ಶ್ರೇಯಸ್ಸು ಕೊಟ್ಟದ್ದು ಪಾಲ್‌ಗೆ. ಒಪ್ಪೋಣ. ಸಾರಿಗೆ ಏನೇನು ಹಾಕಬೇಕೆಂದು ಯಾರು ಬೇಕಾದರೂ ಹೇಳಬಹುದು. ಕೈಗುಣ ಹೇಳಿಕೊಟ್ಟು ಬರುವುದಲ್ಲ. ಕುಂಟುತ್ತಲೇ ಮುಂದೊತ್ತುವ ಆ ನಡೆಗೆ ತೂಕ ಬಂದದ್ದು ಬಾರಿಸಿದವನ ಕೈಯಿಂದ.

ಶಾಸ್ತ್ರ ತಿಳಿಯದವನು ಸರಳ ತಾಳಕ್ಕಷ್ಟೇ ಲಾಯಕ್ಕು ಎನ್ನುವವರಿಗೆ 1969ರ ‘ಹಿಯರ್ ಕಮ್ಸ್ ದ ಸನ್’ ಉತ್ತರ. ಅದನ್ನು ರಚಿಸಿದ ಹ್ಯಾರಿಸನ್ 1966ರಿಂದ ರವಿಶಂಕರರಲ್ಲಿ ಸಿತಾರ್ ಕಲಿತವನು. ಹಾಡಿನ ನಡುಭಾಗದಲ್ಲಿ ಲಯವು ಮೂರು ಮೂರು ಮಾತ್ರೆಗಳ ತುಂಡುಗಳಾಗಿ ಒಡೆದು, ನಮ್ಮ ಮುಕ್ತಾಯಗಳನ್ನು ನೆನಪಿಸುವಂತೆ ತಿರುತಿರುಗಿ, ಕೊನೆಗೆ ನಾಲ್ಕರ ನಡೆಗೆ ಬಂದು ಕೂಡುತ್ತದೆ. ಈ ಭಾರತೀಯ ಲೆಕ್ಕ ಲಿವರ್‌ಪೂಲಿನ ಹುಡುಗನಿಗೆ ಅಪರಿಚಿತ. ಅಂಕಿ ಹಾಕಿ ಎಣಿಸುವುದು ಅವನ ದಾರಿಯಾಗಿರಲಿಲ್ಲ. ಪೆಟ್ಟುಗಳ ಸಾಲನ್ನೇ ಬಾಯಿಪಾಠ ಮಾಡಿಕೊಂಡು, ಪ್ರತಿಸಲವೂ ಅದೇ ಜಾಗಕ್ಕೆ ಬಂದು ಇಳಿದ. ಕೇಳುವವನಿಗೆ ಲೆಕ್ಕದ ತೊಡಕು ಗೊತ್ತೇ ಆಗುವುದಿಲ್ಲ.

ತನಿ ಬಾರಿಸುವುದು ಅವನಿಗೆ ಹಿಡಿಸದು. ಬೀಟಲ್ಸ್ ತಂಡದ ಅಷ್ಟೂ ಧ್ವನಿಮುದ್ರಣಗಳಲ್ಲಿ ಅವನ ತನಿ ಇರುವುದು ಒಂದೇ ಒಂದು, 1969ರ ‘ದಿ ಎಂಡ್’ನಲ್ಲಿ. ಅದೂ ಉಳಿದವರ ಒತ್ತಾಯಕ್ಕೆ. ಹೆಚ್ಚುಕಡಮೆ ಕಾಲು ನಿಮಿಷ, ಅಷ್ಟೇ. ಅಲ್ಲಿಯೂ ಅವನು ಬೆರಗು ಹುಟ್ಟಿಸಲು ಹೋಗುವುದಿಲ್ಲ; ನೇರವಾಗಿ ನಡೆದು ಗಿಟಾರುಗಳಿಗೆ ದಾರಿ ಬಿಡುತ್ತಾನೆ.

ಅವನ ಗುಣವನ್ನು ಕಣ್ಣಾರೆ ಕಾಣಬೇಕೆನ್ನುವವರು 2021ರಲ್ಲಿ ಬಂದ ‘ಗೆಟ್ ಬ್ಯಾಕ್’ ಎಂಬ ದೀರ್ಘ ಚಿತ್ರವನ್ನು ನೋಡಬೇಕು. 1969ರ ಜನವರಿಯ ಚಿತ್ರಣ ಅದು. ಮೂವರು ವಾದಿಸುತ್ತಾರೆ, ಮುನಿಯುತ್ತಾರೆ. ಒಬ್ಬ ಎದ್ದೇ ಹೋಗುತ್ತಾನೆ. ರಿಂಗೊ ಡ್ರಮ್ಮಿನ ಹಿಂದೆ ಬಹುಪಾಲು ಮೌನವಾಗಿ ಕುಳಿತಿರುತ್ತಾನೆ. ಆಸಕ್ತಿಯಿಲ್ಲದ ಮೌನ ಅದಲ್ಲ: ಯಾರಾದರೂ ಒಂದು ಹೊಸ ಎಳೆ ಹಿಡಿದ ಕ್ಷಣವೇ, ಹೇಳಿಸಿಕೊಳ್ಳದೆ, ಅದಕ್ಕೆ ತಕ್ಕ ನಡೆಯೊಂದನ್ನು ಅಡಿಗೆ ಹಾಸುತ್ತಾನೆ. ಅಷ್ಟು ಹೊತ್ತು ಅವನು ಕೇಳುತ್ತಿದ್ದನೆಂದು ನಮಗೆ ಆಗ ತಿಳಿಯುತ್ತದೆ.

ರಿಂಗೊನಿಗೆ ನನ್ನ ವಕಾಲತ್ತು ಬೇಕಾಗಿಲ್ಲ. 2015ರಲ್ಲಿ ರಾಕ್ ಸಂಗೀತದ ಗೌರವಮಂದಿರ ಅವನನ್ನು ಸ್ವಂತ ಹೆಸರಿನಲ್ಲಿ ಸೇರಿಸಿಕೊಂಡಿತು; 2018ರಲ್ಲಿ ಅರಮನೆ ಅವನನ್ನು ‘ಸರ್’ ಮಾಡಿತು. ನಷ್ಟ ಅವನದಲ್ಲ, ನಗುವವರದು. ಅವರ ಮಾತು ಕೇಳಿ ಕಲಿಯುವ ಮಕ್ಕಳದು. ಇಂದು ಡ್ರಮ್ ಕಲಿಯುವ ಹುಡುಗನ ಮುಂದೆ ನಾವು ಇಡುವ ಆದರ್ಶ ಯಾವುದು? ನಿಮಿಷಕ್ಕೆ ಎಷ್ಟು ಪೆಟ್ಟು ಹಾಕುವೆ ಎಂದು ಕೇಳುತ್ತೇವೆ. ಹಾಡಿನ ಮಾತು ಏನೆಂದು ಗಮನಿಸಿದೆಯಾ ಎಂದು ಕೇಳುವುದಿಲ್ಲ. ತನ್ನ ಕೈಯ ವಕ್ರತೆಯನ್ನು ಶಿಕ್ಷಕನ ಮುಂದೆ ನಾಚಿ ಮರೆಮಾಡುವ ಎಡಚ ಮಗುವಿಗೆ, ಅದರಲ್ಲಿಯೇ ನಿನ್ನ ದನಿ ಅಡಗಿರಬಹುದು ಎಂದು ಹೇಳುವವರೂ ಇಲ್ಲ.

ಮುಂದಿನ ಸಲ ಯಾರಾದರೂ ಆ ಚಟಾಕಿ ಹಾರಿಸಿದರೆ ವಾದಕ್ಕೆ ಇಳಿಯಬೇಡಿ. ‘ರೇನ್’ ಹಾಕಿ, ಗಾಯಕರನ್ನು ಬಿಟ್ಟು ಡ್ರಮ್ಮನ್ನಷ್ಟೇ ಹಿಂಬಾಲಿಸಿ ಎಂದು ಹೇಳಿ. ಮೂರೇ ನಿಮಿಷದ ಕೆಲಸ. ಆಮೇಲೂ ಅವರಿಗೆ ನಗು ಬಂದರೆ ಬರಲಿ.