ಷಟರ್ ಬಿದ್ದದ್ದೇಕೆ?

ಕಾರ್ಖಾನೆಯ ರೋಲಿಂಗ್ ಷಟರ್ ದಡಾರನೆ ಬಿದ್ದರೆ ಮೊದಲು ಬೈಸಿಕೊಳ್ಳುವವನು ಅದನ್ನು ಕೊನೆಗೆ ಎಳೆದ ಕಾರ್ಮಿಕ. ಇದು ತನಿಖೆಯಲ್ಲ! ಷಟರಿನ ಭಾರ ಹೊರುವುದು ಮೇಲಿನ ಉರುಳೆಯೊಳಗಿನ ಸ್ಪ್ರಿಂಗು. ಇಳಿಸಿದಾಗ ಬಿಗಿಯುತ್ತದೆ, ಏರಿಸಿದಾಗ ಸಡಿಲಗೊಳ್ಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದನ್ನು ನೀವೇ ನೋಡಿದ್ದೀರಲ್ಲ? ಸ್ಪ್ರಿಂಗಿಗೂ ಅಂಥದೇ ದಣಿವು. 10,000 ಸಲದ ಏರಿಳಿತಕ್ಕೆಂದು ಮಾಡಿದ ಸ್ಪ್ರಿಂಗು ದಿನಕ್ಕೆ 50 ಸಲ ದುಡಿದರೆ 200 ದಿನಕ್ಕೇ ಆಯುಸ್ಸು ಮುಗಿಯಿತು.

ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ನಿಧಾನವಾಗಿ ಬೆಳೆದ ಭಾಗ ನುಣುಪು, ಹಲವು ವೇಳೆ ಅಲೆಯಂಥ ಗೆರೆಗಳೂ ಕಾಣುತ್ತವೆ. ಕೊನೆಗೆ ಫಟ್ಟನೆ ಮುರಿದ ಭಾಗ ಒರಟು. ಆದರೆ ಹೊಸ ಸ್ಪ್ರಿಂಗು ಹಾಕಿಸಿ ಕೆಲಸ ಶುರು ಮಾಡುವ ಅವಸರದಲ್ಲಿ, ಕಾರ್ಮಿಕನ ಪರ ನುಡಿಯಬಲ್ಲ ಆ ತುಂಡು ಸಂಜೆಗೇ ಗುಜರಿಯವನ ತಕ್ಕಡಿ ಸೇರಿರುತ್ತದೆ.