ದೊಡ್ಡ ಪರದೆಯೂ ಸಣ್ಣ ರಂಧ್ರವೂ

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಮೈಸೂರಿನ ಗೃಹಸ್ಥರೊಬ್ಬರದು ಬಹಳ ಹೊತ್ತು ನಮ್ಮ ಮೇಜಿನ ಮೇಲೆಯೇ ಉಳಿಯಿತು. ನಮ್ಮ ಮನೆಯಿಂದ ನಾಲ್ಕು ಬೀದಿಗಳಾಚೆ ವಾಸಿಸುವವರಾದರೂ, ಸಂಕೋಚದಿಂದಲೋ ಏನೋ, ಅಂಚೆಯ ಮೂಲಕವೇ ಬರೆದಿದ್ದಾರೆ. ಅವರ ಹಿರಿಯ ಮಗನು 2015ರಲ್ಲಿ ಅಮೆರಿಕದಿಂದ ಬಂದಾಗ ಆಪಲ್ ಕಂಪೆನಿಯ ಐಮ್ಯಾಕ್ ಎಂಬ ಕಂಪ್ಯೂಟರನ್ನು ತಂದುಕೊಟ್ಟಿದ್ದನಂತೆ. ಯಂತ್ರಭಾಗವೆಲ್ಲವೂ ಪರದೆಯ ಬೆನ್ನಿನಲ್ಲಿಯೇ ಅಡಗಿರುವ, ಅಂಗಡಿಯವರು ‘ಆಲ್-ಇನ್-ಒನ್’ ಎಂದು ಕರೆಯುವ ಜಾತಿ ಅದು. 27 ಅಂಗುಲದ ಪರದೆಯು ಇಂದಿಗೂ ಕನ್ನಡಿಯಂತೆ ನಿರ್ಮಲವಾಗಿದೆ. ಬುದ್ಧಿ ಮಾತ್ರ ಮಂದವಾಗಿದೆ. ಕಿರಿಯ ಸೊಸೆಯಾದರೋ ಕಚೇರಿಯವರು ಕೊಟ್ಟ ಸಣ್ಣ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು ದಿನಕ್ಕೆ ಒಂಬತ್ತು ಗಂಟೆಗಳ ಕಾಲ ಕತ್ತು ಬಗ್ಗಿಸಿ ದುಡಿಯುತ್ತಾಳೆ. ಕತ್ತುನೋವು ತೋಳಿಗೂ ಇಳಿದಿದೆ. ದೊಡ್ಡ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಇಷ್ಟು ದೊಡ್ಡ ಪರದೆ ಸುಮ್ಮನೆ ಕುಳಿತಿರಲು ಮತ್ತೊಂದನ್ನು ಏಕೆ ಕೊಳ್ಳಬೇಕು ಎಂಬುದು ರಾಯರ ಪ್ರಶ್ನೆ. ಕೇಬಲನ್ನೂ ಅದರ ಮೂತಿಯನ್ನು ಬದಲಿಸುವ ತುಂಡನ್ನೂ ಕೊಂಡುತಂದು ಎರಡು ಯಂತ್ರಗಳಿಗೂ ಜೋಡಿಸಿದರಂತೆ. ಎರಡು ಕಡೆಯೂ ಸರಿಯಾಗಿ ಕೂತಿತು. ಚಿತ್ರ ಮಾತ್ರ ಮೂಡಲಿಲ್ಲ. “ಯಂತ್ರ ಕೆಟ್ಟಿದೆಯೋ, ನನ್ನ ತಿಳಿವಳಿಕೆ ಕೆಟ್ಟಿದೆಯೋ ತಿಳಿಸಬೇಕು” ಎಂದು ಕಾಗದವನ್ನು ಮುಗಿಸಿದ್ದಾರೆ.

ಎರಡೂ ಕೆಟ್ಟಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಆದರೆ ಕೂಡಿಕೊಂಡಿರುವ ವಸ್ತುವಿನಲ್ಲಿ ಅರ್ಧವನ್ನು ಮಾತ್ರ ಬಯಸುವುದು ಸುಲಭವಲ್ಲ. ಕೋಳಿಯ ಒಂದರ್ಧವನ್ನು ಅಡಿಗೆಗೂ ಇನ್ನೊಂದರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳಲು ಹೊರಟವನ ಕಥೆಯನ್ನು ಶಾಸ್ತ್ರಕಾರರು ಅರ್ಧಕುಕ್ಕುಟೀ ನ್ಯಾಯವೆಂದು ಕರೆದಿದ್ದಾರೆ. ಈ ಯಂತ್ರದ ಮಾತೂ ಅದಕ್ಕೆ ಬಹುದೂರವಿಲ್ಲ.

ಈ ವಿದ್ಯೆಯಲ್ಲಿ ನಾವು ಪಂಡಿತರಲ್ಲವಾದುದರಿಂದ, ಒಂದಾನೊಂದು ಕಾಲದಲ್ಲಿ ನಮ್ಮ ಬಳಿ ಸಂಧಿಪ್ರಕರಣವನ್ನು ಅಳುತ್ತ ಕಲಿತು, ಈಗ ಕಂಪ್ಯೂಟರು ರಿಪೇರಿಯ ಅಂಗಡಿಯನ್ನಿಟ್ಟಿರುವ ಶಿಷ್ಯನೊಬ್ಬನನ್ನು ಕರೆದುಕೊಂಡು ರಾಯರ ಮನೆಗೆ ಹೋದೆವು. ಅವನು ಐಮ್ಯಾಕಿನ ಬೆನ್ನನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಇದು ಬಾಯಿ, ಕಿವಿಯಲ್ಲ” ಎಂದನು. ಲ್ಯಾಪ್‌ಟಾಪಿನ ರಂಧ್ರದಿಂದ ಚಿತ್ರವು ಹೊರಗೆ ಹೋಗುತ್ತದೆ. ಐಮ್ಯಾಕಿನ ರಂಧ್ರದಿಂದಲೂ ಹೊರಗೆ ಹೋಗುತ್ತದೆ. ಎರಡು ಬಾಯಿಗಳನ್ನು ಎದುರುಬದುರು ಕಟ್ಟಿದಂತಾಯಿತು. ಆಡುವವರಿಬ್ಬರು, ಕೇಳುವವರಾರೂ ಇಲ್ಲ. ಬರಿಯ ಮಾನಿಟರಿಗಾದರೆ ಕಿವಿಯುಂಟು, ಟೆಲಿವಿಷನ್ನಿಗೂ ಉಂಟು. ಆಲ್-ಇನ್-ಒನ್ ಯಂತ್ರದಲ್ಲಿ ಪರದೆಗೆ ಹೋಗುವ ದಾರಿಯು ಒಳಗಿನ ಮದರ್‌ಬೋರ್ಡಿನಿಂದಲೇ ಹೊರಟು ಒಳಗೇ ಮುಗಿಯುತ್ತದೆ. ಹೊರಗಿನವರಿಗೆ ಅಲ್ಲಿ ಬಾಗಿಲಿಲ್ಲ.

ಎಲ್ಲ ಯಂತ್ರಗಳೂ ಹೀಗೆಯೇ ಎಂದು ತಿಳಿಯಕೂಡದು. ವಿಂಡೋಸ್ ನಡೆಯುವ ಆಲ್-ಇನ್-ಒನ್‌ಗಳಲ್ಲಿ ಎಚ್‌ಪಿ, ಡೆಲ್, ಲೆನೊವೊ ಕಂಪೆನಿಗಳ ಕೆಲವು ಮಾದರಿಗಳಿಗೆ ‘ಎಚ್‌ಡಿಎಂಐ ಇನ್’ ಎಂದು ಮುದ್ರಿಸಿದ ಪ್ರತ್ಯೇಕ ರಂಧ್ರವಿರುವುದುಂಟು. ‘ಇನ್’ ಎಂದಿದ್ದರೆ ಒಂದು ಕೇಬಲಿನಿಂದ ಕಾರ್ಯ ಸಿದ್ಧಿ. ‘ಔಟ್’ ಎಂದಿದ್ದರೆ ಎಷ್ಟು ಕೇಬಲು ಕೊಂಡರೂ ವ್ಯರ್ಥ. ಕೊಳ್ಳುವುದಕ್ಕೆ ಮೊದಲು ಬೆನ್ನಿನ ಅಕ್ಷರಗಳನ್ನು ಓದಿರೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ. ವಿಂಡೋಸ್ 10ರಲ್ಲಿ ತಂತಿಯಿಲ್ಲದೆ ಮತ್ತೊಂದು ಯಂತ್ರದ ಚಿತ್ರವನ್ನು ಬರಮಾಡಿಕೊಳ್ಳುವ ಏರ್ಪಾಡೂ ಇದೆ. ‘ಆಪ್ಷನಲ್ ಫೀಚರ್ಸ್’ ಎಂಬಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ಯನ್ನು ಸೇರಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯೊಡನೆ ಕೆ ಅಕ್ಷರವನ್ನು ಒತ್ತಬೇಕು. ಎರಡು ಯಂತ್ರಗಳೂ ಮಿರಾಕ್ಯಾಸ್ಟ್ ಪದ್ಧತಿಯನ್ನು ತಿಳಿದಿರಬೇಕೆಂಬುದು ನಿಯಮ.

ಇನ್ನು ಐಮ್ಯಾಕಿನ ಚರಿತ್ರೆ. ಇದು ಸ್ವಲ್ಪ ವಿಚಿತ್ರವಾದುದು. ಈ ಯಂತ್ರಕ್ಕೆ ಒಂದು ಕಾಲದಲ್ಲಿ ಕಿವಿಯಿತ್ತು. 2009ರ ಕೊನೆಯಲ್ಲಿ ಬಂದ 27 ಅಂಗುಲದ ಐಮ್ಯಾಕಿನಲ್ಲಿ ಮಿನಿ ಡಿಸ್‌ಪ್ಲೇಪೋರ್ಟ್ ಎಂಬ ರಂಧ್ರದಿಂದ ಚಿತ್ರವು ಹೊರಗೂ ಹೋಗುತ್ತಿತ್ತು, ಒಳಗೂ ಬರುತ್ತಿತ್ತು. ಹೊಸ್ತಿಲ ಮೇಲಿನ ದೀಪದಂತೆ ಎರಡು ಕಡೆಗೂ ಉಪಯೋಗ. ಕೀಲಿಮಣೆಯಲ್ಲಿ ಕಮ್ಯಾಂಡ್ ಮತ್ತು ಎಫ್2 ಎಂಬೆರಡನ್ನು ಕೂಡಿಸಿ ಒತ್ತಿದರೆ ಕಂಪ್ಯೂಟರು ಮರೆಯಾಗಿ ಬರಿಯ ಮಾನಿಟರು ಉಳಿಯುತ್ತಿತ್ತು. ಇದಕ್ಕೆ ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಎಂದು ಹೆಸರು. 2011ರಿಂದ 2014ರ ಮಧ್ಯದವರೆಗಿನ ಮಾದರಿಗಳಲ್ಲಿ ಅದೇ ಸ್ಥಾನಕ್ಕೆ ಥಂಡರ್‌ಬೋಲ್ಟ್ ಬಂದಿತು. ಮೋಜೇನೆಂದರೆ ಎರಡು ರಂಧ್ರಗಳಿಗೂ ಆಕಾರ ಒಂದೇ. ಹರಿ ಎಂಬ ಒಂದೇ ಶಬ್ದವು ವಿಷ್ಣುವನ್ನೂ ಸಿಂಹವನ್ನೂ ಕಪಿಯನ್ನೂ ಹೇಳುವಂತೆ, ಒಂದೇ ಮೂತಿಯ ಕೇಬಲಿಗೆ ಇಲ್ಲಿ ನಾನಾರ್ಥ. ಹಳೆಯ ರಂಧ್ರವು ಸಾಮಾನ್ಯ ಡಿಸ್‌ಪ್ಲೇಪೋರ್ಟ್ ಚಿತ್ರವನ್ನು ಒಪ್ಪುತ್ತಿತ್ತು. ಹೊಸದು ಥಂಡರ್‌ಬೋಲ್ಟ್ ಉಳ್ಳ ಯಂತ್ರದಿಂದಲ್ಲದೆ ಒಪ್ಪದು. ಅಷ್ಟೇ ಅಲ್ಲದೆ, ಪರದೆಯಾಗುವ ಐಮ್ಯಾಕಿನಲ್ಲಿ ಹೈ ಸಿಯೆರಾ ಅಥವಾ ಅದಕ್ಕಿಂತ ಹಿಂದಿನ ಮ್ಯಾಕ್ ತಂತ್ರಾಂಶವೇ ಇರಬೇಕು. ಚಿತ್ರ ಕಳುಹಿಸುವ ಮ್ಯಾಕ್ 2019ರದೋ ಅದಕ್ಕೆ ಹಿಂದಿನದೋ ಆಗಿದ್ದು, ಕ್ಯಾಟಲಿನಾಗಿಂತ ಹೊಸ ತಂತ್ರಾಂಶವನ್ನು ಹಾಕಿಸಿಕೊಂಡಿರಕೂಡದು.

ರಾಯರ ಮನೆಯ ಯಂತ್ರವು 2014ರ ಕೊನೆಯ ಮಾದರಿ; ರೆಟಿನಾ 5ಕೆ ಎಂಬ ಅತಿಸೂಕ್ಷ್ಮ ಪರದೆಯ ಮೊದಲನೆಯ ಐಮ್ಯಾಕ್. ಆ ಮಾದರಿಯಲ್ಲಿಯೇ ಕಿವಿ ಮುಚ್ಚಿಹೋಯಿತು! ಏಕೆಂದು ಕೇಳಿದರೆ ಲೆಕ್ಕ ಮಾಡಿ ನೋಡಬೇಕು, ಲೆಕ್ಕ ನಮಗೆ ಪ್ರಿಯವಾದ ವಿಷಯ. ಹಿಂದಿನ 27 ಅಂಗುಲದ ಪರದೆಯಲ್ಲಿ ಅಡ್ಡಲಾಗಿ 2560, ಉದ್ದಕ್ಕೆ 1440, ಒಟ್ಟು 36,86,400 ಬಿಂದುಗಳು. ಹೊಸ ಪರದೆಯಲ್ಲಿ 5120ಕ್ಕೆ 2880, ಎಂದರೆ 1,47,45,600 ಬಿಂದುಗಳು. ಸರಿಯಾಗಿ ನಾಲ್ಕು ಪಾಲು. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಹೇಳಲು 24 ಬಿಟ್ಟುಗಳು ಬೇಕು. ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಬರೆಯಬೇಕು. ಗುಣಿಸಿದರೆ ಸೆಕೆಂಡಿಗೆ 2,123 ಕೋಟಿಗೂ ಮಿಕ್ಕಿದ ಬಿಟ್ಟುಗಳಾಗುತ್ತವೆ. ಆ ಕಾಲದ ಡಿಸ್‌ಪ್ಲೇಪೋರ್ಟ್ 1.2ರ ದಾರಿಯಲ್ಲಿ ಹಾಯಬಲ್ಲುದು 1,728 ಕೋಟಿ; ಥಂಡರ್‌ಬೋಲ್ಟ್ 2ರ ಮಿತಿ 2,000 ಕೋಟಿ. ಕೊಡ ದೊಡ್ಡದಾಯಿತು, ಕೊಳವೆ ಸಣ್ಣದಾಯಿತು.

ಇಷ್ಟಕ್ಕೆ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಆದರೆ 2017ರ ಐಮ್ಯಾಕಿಗೆ ಥಂಡರ್‌ಬೋಲ್ಟ್ 3 ಬಂದು ಆ ದಾರಿ 4,000 ಕೋಟಿಗೆ ಅಗಲವಾಯಿತು. ಆಗಲೂ ಹಳೆಯ ಸೌಕರ್ಯವನ್ನು ಹಿಂದಕ್ಕೆ ಕೊಡಲಿಲ್ಲ. ಬಳಿಕ 2021ರಲ್ಲಿ ಏರ್‌ಪ್ಲೇ ಮೂಲಕ ಮ್ಯಾಕಿಗೆ ಚಿತ್ರ ಕಳುಹಿಸುವ ಅನುಕೂಲವನ್ನು ಕೊಟ್ಟರು, ಅದೂ 2019 ಮತ್ತು ಅನಂತರದ ಐಮ್ಯಾಕುಗಳಿಗೆ. ರಾಯರ ಯಂತ್ರ ಈ ಎರಡು ದಡಗಳ ನಡುವೆ ಸಿಕ್ಕಿಕೊಂಡಿದೆ. ಇಷ್ಟು ಉತ್ತಮವಾದ ಗಾಜನ್ನು ಮಾಡಿ ಅದಕ್ಕೊಂದು ಬಾಗಿಲನ್ನಿಡದಿರುವುದು ಉದಾರಬುದ್ಧಿಯ ಲಕ್ಷಣವಲ್ಲವೆಂದು ನಮ್ಮ ಅಭಿಪ್ರಾಯ. ಇಷ್ಟೇ ಬಿಂದುಗಳುಳ್ಳ 27 ಅಂಗುಲದ ಬರಿಯ ಮಾನಿಟರನ್ನು ಅದೇ ಕಂಪೆನಿಯು 2022ರಲ್ಲಿ ನಮ್ಮ ದೇಶದಲ್ಲಿ ₹1,59,900ರ ಬೆಲೆಗೆ ಮಾರಾಟಕ್ಕಿಟ್ಟಿತೆಂಬುದನ್ನು ಕೇಳಿ ರಾಯರು ಕುಳಿತಲ್ಲಿಂದ ಎದ್ದುಬಿಟ್ಟರು.

ಜಾಲದ ಮೂಲಕ ಚಿತ್ರ ಕಳುಹಿಸುವ ತಂತ್ರಾಂಶಗಳುಂಟಾದರೂ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹೊರಗಿನ ತಂತ್ರಾಂಶವನ್ನು ಹಾಕಲು ಸೊಸೆಗೆ ಅಪ್ಪಣೆಯಿಲ್ಲ. ಆದುದರಿಂದ ಶಿಷ್ಯನು ಕ್ಯಾಪ್ಚರ್ ಕಾರ್ಡ್ ಎಂಬ ಸಣ್ಣ ಸಲಕರಣೆಯನ್ನು ಎರವಲಾಗಿ ಕೊಟ್ಟನು. ಅದು ಎಚ್‌ಡಿಎಂಐ ಚಿತ್ರವನ್ನು ತೆಗೆದುಕೊಂಡು ಯುಎಸ್‌ಬಿ ಮೂಲಕ ಐಮ್ಯಾಕಿಗೆ ಕೊಡುತ್ತದೆ; ಐಮ್ಯಾಕ್ ಅದನ್ನು ಕ್ಯಾಮೆರಾ ಎಂದು ಭ್ರಮಿಸಿ ತೋರಿಸುತ್ತದೆ. ಚಿತ್ರವೇನೋ ಬಂದಿತು. ಆದರೆ 1920ಕ್ಕೆ 1080 ಬಿಂದುಗಳ ಚಿತ್ರವನ್ನು ಅಷ್ಟು ದೊಡ್ಡ ಪರದೆಗೆ ಹಿಗ್ಗಿಸಿದುದರಿಂದ ಅಕ್ಷರಗಳು ಮಸುಕಾದುವು. ಮೌಸನ್ನು ಸರಿಸಿದ ಮೇಲೆ ಬಾಣದ ಗುರುತು ಯೋಚಿಸಿಕೊಂಡು ಸರಿಯುತ್ತಿತ್ತು. ಒಂದು ವಾರ ಹೆಣಗಿ, “ಮಾವ, ಕತ್ತುನೋವಿನ ಜೊತೆಗೆ ತಲೆನೋವೂ ಬಂತು” ಎಂದು ಆಕೆ ಅದನ್ನು ಕಳಚಿಟ್ಟಳು.

ಉಳಿದುದು ಒಂದೇ ಉಪಾಯ. ಯಂತ್ರವನ್ನು ಬಿಚ್ಚಿ, ಒಳಗಿನ ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳನ್ನೆಲ್ಲ ತೆಗೆದುಹಾಕಿ, ಪರದೆಯ ಹಿಂದೆ ಅಚ್ಚಾದ ಮಾದರಿ ಸಂಖ್ಯೆಗೆ ಒಪ್ಪುವ ಹೊಸ ಬೋರ್ಡನ್ನು ಕೂರಿಸುವುದು. ಡಿಸ್‌ಪ್ಲೇಪೋರ್ಟ್ 1.4ರಲ್ಲಿ 2,592 ಕೋಟಿ ಬಿಟ್ಟುಗಳು ಹಾಯುವುದರಿಂದ, ಈಗಿನ ಅನುಕೂಲವಾದ ಲ್ಯಾಪ್‌ಟಾಪು ಒಂದೇ ಕೇಬಲಿನಲ್ಲಿ ಪೂರ್ಣಚಿತ್ರವನ್ನು ಕೊಡಬಲ್ಲುದು. ಇದನ್ನು ಓದಿ ಯಾರೂ ಸ್ಕ್ರೂಡ್ರೈವರನ್ನು ಹುಡುಕಿಕೊಂಡು ಹೋಗಕೂಡದೆಂದು ಇಲ್ಲಿಯೇ ತಡೆಯುತ್ತೇವೆ. 2012ರ ಕೊನೆಯಿಂದ ಬಂದ ಐಮ್ಯಾಕುಗಳಲ್ಲಿ ಗಾಜನ್ನು ಅಂಚಿನ ಸುತ್ತ ಅಂಟುಪಟ್ಟಿಯಿಂದ ಅಂಟಿಸಿರುತ್ತಾರೆ. ಕೈ ಸ್ವಲ್ಪ ಜಾರಿದರೆ ಗಾಜು ಸೀಳುತ್ತದೆ. ಅದಕ್ಕಿಂತ ಭಯಂಕರವಾದುದು ಒಳಗಿನ ಪವರ್ ಸಪ್ಲೈ. ಗೋಡೆಯಿಂದ ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿದ್ದು, ಮುಟ್ಟಿದವರಿಗೆ ಪ್ರಾಣಾಪಾಯವಾಗಬಹುದು. ಬಲ್ಲವರ ಕೆಲಸ ಬಲ್ಲವರಿಗೇ ಇರಲಿ.

ನಾವು ಬೇಡವೆಂದೆವು. ನಡೆಯುತ್ತಿರುವ ಯಂತ್ರವನ್ನು ಕೊಂದು ಕಣ್ಣನ್ನು ಮಾತ್ರ ಉಳಿಸಿಕೊಳ್ಳುವುದಕ್ಕಿಂತ, ಸಾಧಾರಣವಾದ ಮಾನಿಟರೊಂದನ್ನು ಕೊಂಡುಬಿಡಿ ಎಂಬುದು ನಮ್ಮ ಸಲಹೆಯಾಗಿತ್ತು. ಆ ಹೊತ್ತಿಗೆ ಶಿಷ್ಯನು, “ರಾಯರೇ, ಇದರ ಡಿಸ್ಕಿನಲ್ಲಿ ಏನೇನಿದೆ?” ಎಂದು ಕೇಳಿದನು. ಅವರು ತಟ್ಟನೆ ಉತ್ತರ ಕೊಡಲಿಲ್ಲ. ಅಮೆರಿಕದ ಮೊಮ್ಮಗುವಿನ ಮುಖವನ್ನು ದೊಡ್ಡದಾಗಿ ನೋಡಲೆಂದು ಮಗನು ಈ ಯಂತ್ರವನ್ನು ತಾಯಿಗಾಗಿಯೇ ತಂದಿದ್ದನು. ಆಕೆ ಮೊಮ್ಮಗುವಿಗೆ ಕೇಳಿಸಲೆಂದು ಇದರ ಮುಂದೆಯೇ ಕುಳಿತು ಹಾಡಿಟ್ಟ ಹಾಡುಗಳು, ಎಣ್ಣೆಶಾಸ್ತ್ರದ ಚಿತ್ರಗಳು, ಸಮಾರಂಭಗಳ ವಿಡಿಯೋಗಳು ಎಲ್ಲವೂ ಅದರಲ್ಲಿಯೇ ಇದ್ದುವು. ಆಕೆ ತೀರಿಹೋಗಿ ಮೂರು ವರ್ಷಗಳಾದುವು. ಬೇರೆಲ್ಲಿಯೂ ಪ್ರತಿಯಿಲ್ಲ. ಆ ಡಿಸ್ಕಿಗೆ ಹನ್ನೊಂದು ವರ್ಷ ವಯಸ್ಸು. ಬಿಚ್ಚಿದರೂ ಬಿಚ್ಚದಿದ್ದರೂ ಒಂದು ದಿನ ಅದು ತಾನಾಗಿಯೇ ನಿಂತುಹೋಗಬಹುದಾಗಿತ್ತು. ಪರದೆಯ ಚರ್ಚೆಯಲ್ಲಿ ನಾವೂ ಈ ಮಾತನ್ನು ಮರೆತಿದ್ದೆವೆಂದು ನಾಚಿಕೆಯಿಂದ ಬರೆಯುತ್ತಿದ್ದೇವೆ.

ಮರುದಿನದಿಂದಲೇ ನಕಲು ಮಾಡುವ ಕೆಲಸ ಮೊದಲಾಯಿತು. ಎರಡು ಹೊರಗಿನ ಡಿಸ್ಕುಗಳಿಗೆ ಎರಡು ಪ್ರತಿಗಳು. ಒಂದು ಮನೆಯ ಬೀರುವಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ. ಮೂರು ಸಂಜೆಗಳು ಹಿಡಿದುವು, ಏಕೆಂದರೆ ರಾಯರು ಪ್ರತಿಯೊಂದನ್ನೂ ತೆರೆದು ನೋಡುತ್ತ ಕುಳಿತರು. ಪ್ರತಿಗಳು ಸರಿಯಾಗಿವೆಯೆಂದು ಖಚಿತವಾದ ಮೇಲೆ, ನಮ್ಮ ಸಲಹೆಯನ್ನು ಬದಿಗಿಟ್ಟು, ಯಂತ್ರವನ್ನು ಶಿಷ್ಯನ ಅಂಗಡಿಗೆ ಕಳುಹಿಸಿಬಿಟ್ಟರು. ಬೋರ್ಡು ಬಂದು ಕೂರುವುದಕ್ಕೆ ಒಂದು ತಿಂಗಳಾಯಿತು, ಗಾಜು ಸೀಳಲಿಲ್ಲ.

ಕಳೆದ ವಾರ ನಾವು ಹೋದಾಗ ಸೊಸೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕೆಲಸಮಾಡುತ್ತಿದ್ದಳು. ಸಂಜೆ ಕಚೇರಿಯ ಲ್ಯಾಪ್‌ಟಾಪನ್ನು ಮುಚ್ಚಿ, ಅದೇ ಕೇಬಲಿಗೆ ತನ್ನ ಗಂಡನ ಲ್ಯಾಪ್‌ಟಾಪನ್ನು ಸೇರಿಸಿ, ನಮಗೆ ಕೇಳಿಸಲೆಂದು ಅತ್ತೆಯ ಹಾಡೊಂದನ್ನು ಹಾಕಿದಳು. ಪರದೆಯ ತುಂಬ ಆಕೆಯ ಮುಖ ಬಂದಿತು. ಐಮ್ಯಾಕಿನ ಹಳೆಯ ಸ್ಪೀಕರುಗಳಿಗೆ ತಂತಿಯನ್ನು ಸೇರಿಸಿರಲಿಲ್ಲವಾದುದರಿಂದ ಧ್ವನಿ ಮಾತ್ರ ಪಕ್ಕದ ಲ್ಯಾಪ್‌ಟಾಪಿನಿಂದ ಬಂದಿತು. ರಾಯರು ಕುರ್ಚಿಯನ್ನು ಆ ಕಡೆಗೆ ಸ್ವಲ್ಪ ಸರಿಸಿಕೊಂಡರು.